ಒಂದು ಪ್ಯಾರಾ ಎಷ್ಟು ಸಾಲು ಇರಬೇಕು?

ಸಂಪ್ರಬಂಧ ಬರೆಯುತ್ತಿರುವವರು ಕರಡನ್ನು ಕೈಗಿತ್ತು ಮೊದಲು ಕೇಳುವುದು ಇದನ್ನೇ. ಐದು ಎಂದರೆ ಐದು, ಹತ್ತು ಎಂದರೆ ಹತ್ತು ಸಾಲು ಬರೆಯಲು ಅವರು ಸಿದ್ಧ. ನಾನು ಸಾಲು ಎಣಿಸುವುದಿಲ್ಲ. 'ಈ ಪ್ಯಾರಾದಲ್ಲಿ ಏನು ಹೇಳಹೊರಟಿದ್ದೀರಿ? ಹಾಳೆ ನೋಡದೆ ಒಂದೇ ವಾಕ್ಯದಲ್ಲಿ ಹೇಳಿ' ಎನ್ನುತ್ತೇನೆ. ಸಲೀಸಾಗಿ ಬಾಯಿಗೆ ಬಂದರೆ ಆ ವಾಕ್ಯವನ್ನೇ ಪ್ಯಾರಾದ ತಲೆಯಲ್ಲಿಡಬಹುದು. ನಡುವೆ 'ಮತ್ತೆ ಇನ್ನೊಂದೇನೆಂದರೆ' ಎಂದು ಬಂತೋ, ಅಲ್ಲಿ ಎರಡು ಪ್ಯಾರಾಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ.

ತಲೆಯಲ್ಲಿ ನಿಲ್ಲುವ ಆ ವಾಕ್ಯ ವಿಷಯವನ್ನು ಹೆಸರಿಸಿದರೆ ಸಾಲದು, ಅದರ ಬಗ್ಗೆ ಏನಾದರೂ ಸಾಧಿಸಲು ಹೊರಡಬೇಕು. 'ಈಗ 1854ರ ಲಂಡನ್ ಕಾಲರಾವನ್ನು ನೋಡೋಣ' ಎಂಬುದನ್ನು ಯಾರೂ ಅಲ್ಲಗಳೆಯಲಾರರು, ಆದ್ದರಿಂದಲೇ ಅದಕ್ಕೆ ಪುರಾವೆಯೂ ಬೇಕಿಲ್ಲ. 'ಸೋಹೊ ಪ್ರದೇಶದಲ್ಲಿ ಕಾಲರಾ ಹರಡಿದ್ದು ಕೆಟ್ಟ ಗಾಳಿಯಿಂದಲ್ಲ, ನೀರಿನಿಂದ' ಎಂದು ಬರೆದು ನೋಡಿ. ಕಾಯಿಲೆಗೆ ಕೆಟ್ಟ ಗಾಳಿಯೇ ಕಾರಣವೆಂದು ಆ ಕಾಲದ ಹೆಚ್ಚಿನ ವೈದ್ಯರು ನಂಬಿದ್ದರು. ಅಂಥವರೊಬ್ಬರು ಎದುರು ಕೂತು 'ಹೇಗೆ?' ಎಂದು ಕೇಳುತ್ತಿದ್ದಾರೆ ಎಂದುಕೊಂಡರೆ ಮುಂದಿನ ಸಾಲುಗಳಿಗೆ ಕೆಲಸ ಸಿಗುತ್ತದೆ.

ವೈದ್ಯ ಜಾನ್ ಸ್ನೋ ಕೊಟ್ಟ ಮೊದಲ ಪುರಾವೆ ಎಲ್ಲರಿಗೂ ಗೊತ್ತು: ಸಾವುಗಳು ಸೋಹೊದ ಬ್ರಾಡ್ ಸ್ಟ್ರೀಟಿನಲ್ಲಿ ಜನ ಕುಡಿಯುವ ನೀರು ಹಿಡಿಯುತ್ತಿದ್ದ ಪಂಪಿನ ಸುತ್ತಲೇ ಗುಂಪಾಗಿದ್ದವು. ವಿದ್ಯಾರ್ಥಿಗಳು ಇಷ್ಟು ಬರೆದು ಪ್ಯಾರಾ ಮುಗಿಸುತ್ತಾರೆ. ನನಗೆ ಅತ್ಯಂತ ಬೇಸರ ತರುವ ಜಾಗ ಇದು, ಏಕೆಂದರೆ ವಾದ ಶುರುವಾಗುವುದೇ ಇಲ್ಲಿಂದ. ಎದುರು ಕೂತವರು 'ಆ ಬೀದಿಯ ಗಾಳಿಯೇ ಕೆಟ್ಟಿರಬಹುದಲ್ಲ?' ಎನ್ನಬಹುದು. ಸಾವುಗಳ ಗುಂಪು ಅವರ ಮಾತಿಗೂ ಅಷ್ಟೇ ಒಪ್ಪುತ್ತದೆ. ಸ್ನೋ ಮುಂದೆ ಹೋದರು. ಪಂಪಿನ ಹತ್ತಿರದಲ್ಲೇ ಇದ್ದ ಬಿಯರ್ ತಯಾರಿಕಾ ಘಟಕದಲ್ಲಿ 70ಕ್ಕೂ ಹೆಚ್ಚು ಕೆಲಸಗಾರರಿದ್ದರು. ಅವರಲ್ಲಿ ಯಾರಿಗೂ ಕಾಲರಾ ತೀವ್ರವಾಗಿ ತಗುಲಲಿಲ್ಲ. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಒಳಗೇ ಬಾವಿಯೂ ಇತ್ತು, ಪಂಪಿನ ನೀರು ಅವರಿಗೆ ಬೇಕಿರಲಿಲ್ಲ. ಅತ್ತ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ರುಚಿಗೆಂದು ಅದೇ ಪಂಪಿನ ನೀರು ತರಿಸಿಕೊಂಡು ಕುಡಿಯುತ್ತಿದ್ದರು. ಕಾಲರಾದಿಂದ ತೀರಿಹೋದರು.

ಈಗಲೂ ಒಂದು ಮಾತು ಬಾಕಿ ಇದೆ: 'ಕೆಲಸಗಾರರಿಗೆ ಗಾಳಿ ಅದೇ, ನೀರು ಬೇರೆ, ವಿಧವೆಗೆ ನೀರು ಅದೇ, ಗಾಳಿ ಬೇರೆ. ಕಾಯಿಲೆ ಹೋದದ್ದು ನೀರಿನ ಹಿಂದೆ.' ಪುರಾವೆಯನ್ನು ಮೊದಲ ವಾಕ್ಯಕ್ಕೆ ಹೊಲಿಯುವ ದಾರ ಇದು. ಇದು ಓದುಗರಿಗೆ ತಾನೇ ಹೊಳೆಯುತ್ತದೆ ಎಂದು ಬರೆಯುವವರು ಬಿಟ್ಟುಬಿಡುತ್ತಾರೆ. ಹೊಳೆಯುವುದಿಲ್ಲ. ಅಂಕಿಅಂಶವೋ ಉಲ್ಲೇಖವೋ ಬಂದ ಕೂಡಲೇ ಪ್ಯಾರಾ ಮುಗಿದಿದ್ದರೆ, 'ಇದರಿಂದ ಏನು ತಿಳಿಯಿತು?' ಎಂದು ಅಂಚಿನಲ್ಲಿ ಬರೆದು, ಉತ್ತರವನ್ನು ನೀವೇ ಸೇರಿಸಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, 'ಇಲ್ಲ', 'ಅಲ್ಲ'ಗಳೂ ಅಲ್ಲೇ. ಮೊದಲ ವಾಕ್ಯವನ್ನು ಮೂವತ್ತು ಪದಗಳಿಗೆ ಎಳೆದರೆ ನೀವು ಹೌದೆನ್ನುತ್ತೀರೋ ಅಲ್ಲವೆನ್ನುತ್ತೀರೋ ಎಂದು ಓದುಗರು ಕೊನೆಯವರೆಗೂ ಕಾಯಬೇಕು. ಅದನ್ನು ಗಿಡ್ಡದಾಗಿಡಿ. 'ಇದು', 'ಅದು' ಎಂದು ವಾಕ್ಯ ಶುರುಮಾಡುವಾಗಲೂ ಎಚ್ಚರ ಬೇಕು: 'ಈ ವ್ಯತ್ಯಾಸ', 'ಆ ಸಾವುಗಳು' ಎಂದರೆ ಕೊಂಡಿ ಗಟ್ಟಿಯಾಗುತ್ತದೆ, ವಾಕ್ಯವಾಕ್ಯಕ್ಕೂ 'ಆದ್ದರಿಂದ' ಬೇಕಾಗುವುದಿಲ್ಲ.

ಹಾಗಾದರೆ ಎಷ್ಟು ಸಾಲು? ಎದುರು ಕೂತವರ ಸಂಶಯ ತೀರುವಷ್ಟು. ಕೆಲವು ಸಂಶಯ ನಾಲ್ಕು ಸಾಲಿಗೆ ತೀರುತ್ತವೆ, ಕೆಲವಕ್ಕೆ ಅರ್ಧ ಪುಟ ಬೇಕು. ಕರಡು ಮುಗಿದ ಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಬೇರೆ ಹಾಳೆಗಿಳಿಸಿ ಗಟ್ಟಿಯಾಗಿ ಓದಿ. ಎಲ್ಲಿ ಎಡವುತ್ತೀರೋ ಅಲ್ಲಿ ಒಂದು ಪ್ಯಾರಾ ಬಿಟ್ಟುಹೋಗಿದೆ, ಇಲ್ಲವೇ ಜಾಗ ತಪ್ಪಿ ಕೂತಿದೆ.