ಕಂಟ್ರೋಲ್ ಗುಂಪಿನ ಬಿಪಿಯೂ ಇಳಿದಿತ್ತು

ಎಂ.ಎಸ್ಸಿ. ನರ್ಸಿಂಗ್ ಥೀಸಿಸ್ ಒಪ್ಪಿಸಲು ಹದಿನೈದು ದಿನ ಉಳಿದಿತ್ತು. 'ನಿಧಾನ ಉಸಿರಾಟದ ವ್ಯಾಯಾಮದಿಂದ ಬಿಪಿ ಇಳಿಯುತ್ತದೆ' ಅಂತ ಕೊನೆಯ ಅಧ್ಯಾಯದಲ್ಲಿ ಬರೆದೂ ಆಗಿತ್ತು.

ಹಳ್ಳಿಯ ಆರೋಗ್ಯ ಕೇಂದ್ರವೊಂದರಲ್ಲಿ ಬಿಪಿ ಜಾಸ್ತಿ ಇದ್ದ 60 ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದ್ದೆ. ಮಾತ್ರೆ ಎಲ್ಲರಿಗೂ ಎಂದಿನಂತೆ. 30 ಜನರಿಗೆ ಮಾತ್ರ ನಾಲ್ಕು ವಾರ ವ್ಯಾಯಾಮ ಮಾಡಿಸಿದೆ. ಅವರ ಬಿಪಿಯ ಮೇಲಿನ ಅಂಕಿಯ (ಸಿಸ್ಟೋಲಿಕ್) ಸರಾಸರಿ 152ರಿಂದ 143ಕ್ಕೆ ಬಂತು. ವ್ಯಾಯಾಮವಿಲ್ಲದ ಉಳಿದ 30 ಜನರದು, ಅಂದರೆ ಹೋಲಿಕೆಗೆ ಇಟ್ಟ ಕಂಟ್ರೋಲ್ ಗುಂಪಿನದು, 150ರಿಂದ 146ಕ್ಕೆ. ಎರಡೂ ಗುಂಪಿಗೆ ಬೇರೆ ಬೇರೆಯಾಗಿ ಪೇರ್ಡ್ ಟಿ-ಟೆಸ್ಟ್ ಹಾಕಿದೆ, ಅಂದರೆ ಅದೇ ಜನರ ಮೊದಲಿನ ಮತ್ತು ಕೊನೆಯ ಬಿಪಿಯನ್ನು ಹೋಲಿಸುವ ಪರೀಕ್ಷೆ. ನಿಜವಾಗಿ ಬದಲಾವಣೆಯೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವ ಸಾಧ್ಯತೆಯೇ ಪಿ ವ್ಯಾಲ್ಯೂ; ಸಾಮಾನ್ಯವಾಗಿ ಅದು 0.05ಕ್ಕಿಂತ ಕಡಿಮೆ ಇದ್ದರೆ ಬದಲಾವಣೆ ಇದೆ ಅನ್ನುತ್ತಾರೆ. ಮೊದಲನೆಯದರಲ್ಲಿ ಅದು 0.001ಕ್ಕಿಂತ ಕಡಿಮೆ, ಎರಡನೆಯದರಲ್ಲಿ 0.08. ಅಲ್ಲಿ ಬದಲಾವಣೆ ಇದೆ, ಇಲ್ಲಿ ಇಲ್ಲ, ಮುಗೀತು ಅಂದುಕೊಂಡೆ. ನಾನು ನೋಡಿದ್ದ ಹಳೆಯ ಥೀಸಿಸ್‌ಗಳಲ್ಲೂ ಹೀಗೇ ಇತ್ತು.

ಶನಿವಾರ ಮಧ್ಯಾಹ್ನ ಸ್ಟ್ಯಾಟಿಸ್ಟಿಕ್ಸ್ ಸರ್ ಟೇಬಲ್ ನೋಡುತ್ತಾ ಕೇಳಿದರು: "ಕಂಟ್ರೋಲ್‌ನವರದ್ದೂ 4 ಇಳಿದಿದೆಯಲ್ಲಮ್ಮ, ಅವರೇನು ಮಾಡಿದ್ರು?"

ಏನೂ ಮಾಡಿರಲಿಲ್ಲ. ಬಿಪಿ ಜಾಸ್ತಿ ಬಂದವರನ್ನೇ ನಾನು ಆರಿಸಿದ್ದೆ. ಬಿಸಿಲಲ್ಲಿ ನಡೆದು ಬಂದೋ, ಆಸ್ಪತ್ರೆಯ ಭಯಕ್ಕೋ ಆ ದಿನ ಏರಿದ್ದ ಬಿಪಿ ಇನ್ನೊಂದು ದಿನ ನೋಡಿದರೆ ಸುಮ್ನೆ ತಾನಾಗಿಯೇ ಸ್ವಲ್ಪ ಇಳಿದಿರುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಇದನ್ನು ಎತ್ತರದ ಲೆಕ್ಕದಲ್ಲಿ ತೋರಿಸಿದ್ದ. ತುಂಬಾ ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಯ ಕಡೆಗೆ ವಾಲುತ್ತಾರೆ. ಹಾಗಾಗಿ ವ್ಯಾಯಾಮದ ಗುಂಪಿನ 9ರಲ್ಲಿ ವ್ಯಾಯಾಮದ ಪಾಲು ಎಷ್ಟು ಅಂತ ಆ ಗುಂಪೊಂದನ್ನೇ ನೋಡಿ ಹೇಳಲು ಆಗುವುದಿಲ್ಲ. ಕಂಟ್ರೋಲ್ ಗುಂಪು ಇಟ್ಟುಕೊಳ್ಳುವುದೇ ಇದಕ್ಕೆ, ಅಲ್ವಾ? ಅಷ್ಟು ಕಷ್ಟಪಟ್ಟು 30 ಜನರನ್ನು ಕೂರಿಸಿ ಬಿಪಿ ನೋಡಿದ್ದೆ. ಲೆಕ್ಕದಲ್ಲಿ ಮಾತ್ರ ಅವರನ್ನು ಹೊರಗಿಟ್ಟಿದ್ದೆ.

ಸರ್ ಜೊತೆ ಕೂತು ಮತ್ತೆ ಮಾಡಿದೆವು. ಪ್ರತಿಯೊಬ್ಬರ ಮೊದಲಿನ ಬಿಪಿಯಿಂದ ಕೊನೆಯದನ್ನು ಕಳೆದು ಇಳಿಕೆ ತೆಗೆದೆವು. ಆ ಇಳಿಕೆಗಳನ್ನು ಎರಡು ಗುಂಪಿನ ಟಿ-ಟೆಸ್ಟ್‌ನಲ್ಲಿ ಹೋಲಿಸಿದರೆ ವ್ಯತ್ಯಾಸ 5, ಪಿ 0.11. ಆಮೇಲೆ ಅನ್‌ಕೋವಾ. ಮೊದಲಿನ ಬಿಪಿ ಒಂದೇ ಇದ್ದವರಲ್ಲಿ ಕೊನೆಯ ಬಿಪಿ ಎಷ್ಟು ಬೇರೆ ಅಂತ ಅದು ಕೇಳುತ್ತದೆ. ನನ್ನ ವ್ಯಾಯಾಮದ ಗುಂಪು 2 ಅಂಕ ಮೇಲಿಂದ ಶುರುವಾಗಿತ್ತು, ಅದನ್ನೂ ಸರಿಹೊಂದಿಸಿತು. ಉಳಿದ ವ್ಯತ್ಯಾಸ 4. ನಂಬಿಕೆಯ ಅಂತರ (ಕಾನ್ಫಿಡೆನ್ಸ್ ಇಂಟರ್ವಲ್), ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ, ಮೈನಸ್ 1ರಿಂದ 9ರವರೆಗೆ. ಸೊನ್ನೆಯೂ ಅದರೊಳಗೇ ಇದೆ. ಚೀಟಿ ಎತ್ತಿ ಗುಂಪು ಮಾಡಿದ್ದರೆ ಅನ್‌ಕೋವಾವೇ ಒಳ್ಳೆಯದು ಅಂತ ಈಗ ನಾನು ಎಲ್ಲರಿಗೂ ಹೇಳುತ್ತೇನೆ. ಅಂಕಿಗಳು ಒಂದೇ ಕಡೆಗೆ ತುಂಬಾ ವಾಲಿದ್ದರೆ ಇಳಿಕೆಗಳ ಮೇಲೆ ಮ್ಯಾನ್-ವಿಟ್ನಿ (ಎರಡು ಗುಂಪನ್ನು ರ್ಯಾಂಕ್ ನೋಡಿ ಹೋಲಿಸುವ ಪರೀಕ್ಷೆ) ಹಾಕಬಹುದು. ಪೇರ್ಡ್ ಟಿ-ಟೆಸ್ಟ್ ಬದಲು ರ್ಯಾಂಕ್ ನೋಡುವ ವಿಲ್ಕಾಕ್ಸನ್ ಸೈನ್ಡ್-ರ್ಯಾಂಕ್ ಪರೀಕ್ಷೆಯನ್ನು ಗುಂಪಿಗೊಂದು ಸಲ ಹಾಕಿ ಕೂತರೆ ನಾನು ಮಾಡಿದ ತಪ್ಪೇ ಹೊಸ ಹೆಸರಲ್ಲಿ ಬರುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ಕೊನೆಯ ಅಧ್ಯಾಯ ಅಳಿಸಿ ಬರೆದೆ: ಲಾಭ ಇರಬಹುದು, ಈ 60 ಜನರಿಂದ ಖಚಿತವಾಗಲಿಲ್ಲ. ಗೈಡ್ ಮೇಡಂ ಓದಿ, "ಹೀಗೇ ಇರಲಿ" ಅಂದರು.

ಸೋಮವಾರ ಕಂಟ್ರೋಲ್ ಗುಂಪಿನವರಿಗೂ ವ್ಯಾಯಾಮ ಹೇಳಿಕೊಡಲು ಹೋದೆ. ಮೊದಲೇ ಮಾತು ಕೊಟ್ಟಿದ್ದೆ.

"ಇದರಿಂದ ಬಿಪಿ ಇಳಿಯುತ್ತಾ ಮಗಾ?" ಅಂತ ಅಜ್ಜಿಯೊಬ್ಬರು ಕೇಳಿದರು.

"ಇಳಿದರೂ ಇಳಿಯಬಹುದು ಅಜ್ಜಿ. ಗಟ್ಟಿಯಾಗಿ ನನಗಿನ್ನೂ ಗೊತ್ತಿಲ್ಲ. ಮಾತ್ರೆ ಮಾತ್ರ ಬಿಡಬೇಡಿ" ಅಂದೆ.