‘ನಾವು ಎಷ್ಟನೇ ಸ್ಥಾನ?’ ಅಂತ ಕೇಳುವ ಮೊದಲು ಕವರೇಜ್ ಸಾಲು ನೋಡಿ

ಜೂನ್‌ನಲ್ಲಿ ಯುರೋಪಿನ ಮಾದಕ ವಸ್ತುಗಳ ವಾರ್ಷಿಕ ವರದಿ, ಅಂದರೆ ಯುರೋಪಿಯನ್ ಡ್ರಗ್ ರಿಪೋರ್ಟ್, ಹೊರಬಿದ್ದ ದಿನ ಅಂಕಿ ಕೂಡಿಸುವ ನಮ್ಮನ್ನು ಮೇಲಧಿಕಾರಿಗಳು ಕೇಳುವ ಪ್ರಶ್ನೆ ಪ್ರತಿ ವರ್ಷ ಒಂದೇ: ‘ನಮ್ಮ ದೇಶ ಎಷ್ಟನೇ ಸ್ಥಾನ?’ ಅದರ ಬೆನ್ನಿಗೇ ಇನ್ನೊಂದು: ‘ಈ ಗೆರೆ ಯಾಕೆ ಹೀಗೆ ಏರಿದೆ? ಹನ್ನೊಂದಕ್ಕೆ ಪತ್ರಿಕಾಗೋಷ್ಠಿ, ಎರಡೇ ಸಾಲಲ್ಲಿ ಬರೆದುಕೊಡಿ.’

ಈ ವರದಿ ತರುವ ಲಿಸ್ಬನ್‌ನ ಯುರೋಪಿಯನ್ ಒಕ್ಕೂಟದ ಡ್ರಗ್ಸ್ ಏಜೆನ್ಸಿಗೆ (2024ರ ಜುಲೈ 2ರಿಂದ ಇಯುಡಿಎ, ಅಲ್ಲಿಯವರೆಗೆ ಇಎಂಸಿಡಿಡಿಎ) 27 ಸದಸ್ಯ ರಾಷ್ಟ್ರಗಳು, ಜೊತೆಗೆ ನಾರ್ವೆ ಮತ್ತು ಟರ್ಕಿ ತಂತಮ್ಮ ಫೋಕಲ್ ಪಾಯಿಂಟ್ (ಅಂಕಿ ಕೂಡಿಸುವ ರಾಷ್ಟ್ರೀಯ ಕಚೇರಿ) ಮೂಲಕ ಅಂಕಿ ಕಳಿಸುತ್ತವೆ. ಟೇಬಲ್ ಒಂದೇ, ತುಂಬುವ ಕೈಗಳು 29. ಗೆರೆ ಏರಿದರೆ ಮೊದಲ ಅನುಮಾನ ಎಣಿಸಿದವರ ಮೇಲೆ ಹೋಗಬೇಕು. ಸೇದಿದವರ ಸರದಿ ಆಮೇಲೆ.

ಹತ್ತೂವರೆಗೆ ಫೋನ್ ಬಂದಿದೆ, ಉಳಿದಿರುವುದು ಅರ್ಧ ಗಂಟೆ ಅನ್ನಿ. ಕೊಕೇನ್ ಕಾರಣಕ್ಕೆ ಚಿಕಿತ್ಸೆಗೆ ಸೇರಿದವರು ಹೋದ ವರ್ಷಕ್ಕಿಂತ ಶೇ. 30 ಜಾಸ್ತಿ ಅಂತ ಶೀಟ್ ಹೇಳುತ್ತಿದೆ. ಆಗ ಕಾರಣ ಹುಡುಕಲು ಕೂರಬೇಡಿ. ಟಿಡಿಐ (ಚಿಕಿತ್ಸೆಗೆ ಸೇರಿದವರ ಎಣಿಕೆ) ಶೀಟಿನ ಕವರೇಜ್ ಸಾಲು ತೆಗೆಯಿರಿ: ಹೋದ ವರ್ಷ ಎಷ್ಟು ಕೇಂದ್ರ ವರದಿ ಕೊಟ್ಟಿದ್ದವು, ಈ ವರ್ಷ ಎಷ್ಟು? ಎರಡೂ ವರ್ಷ ಕೊಟ್ಟ ಕೇಂದ್ರಗಳನ್ನಷ್ಟೇ ಇಟ್ಟುಕೊಂಡು ಮತ್ತೆ ಕೂಡಿ. ರಾಜಧಾನಿಯ ಯಾವುದೋ ಹೊರರೋಗಿ ಕೇಂದ್ರಗಳ ಜಾಲ ಹೊಸದಾಗಿ ಸೇರಿದ್ದರೆ ಆ ಮೂವತ್ತರಲ್ಲಿ ಬಹುಪಾಲು ಅಲ್ಲೇ ಕರಗುತ್ತದೆ. ಆಮೇಲೆ ಡುಪ್ಲಿಕೇಟ್. ಒಬ್ಬ ವ್ಯಕ್ತಿಯನ್ನು ವರ್ಷಕ್ಕೆ ಒಂದೇ ಸಲ ಎಣಿಸಬೇಕು ಅಂತ ನಿಯಮವೇನೋ ಇದೆ. ಆದರೆ ಕೇಂದ್ರಗಳ ನಡುವೆ ಒಂದೇ ಐಡಿ ಇಲ್ಲದ ಕಡೆ ಮಾರ್ಚ್‌ನಲ್ಲಿ ಒಂದು ಕಡೆ, ಅಕ್ಟೋಬರ್‌ನಲ್ಲಿ ಇನ್ನೊಂದು ಕಡೆ ಸೇರಿದವನು ಇಬ್ಬರಾಗುತ್ತಾನೆ.

ಐಡಿ ವಿಷಯ ಬಂದಾಗ ಕ್ಯಾಪ್ಚರ್–ರೀಕ್ಯಾಪ್ಚರ್ ಲೆಕ್ಕ ನೋಡಲೇಬೇಕು. ಹೆರಾಯಿನ್ ಬಳಸುವವರು ಮನೆ ಮನೆ ಸರ್ವೆಯಲ್ಲಿ ಸಿಗುವುದಿಲ್ಲ. ಅದಕ್ಕೇ ಎರಡು ಪಟ್ಟಿಗಳನ್ನು ತಾಳೆ ನೋಡಿ ಅಂದಾಜು ಮಾಡುತ್ತೇವೆ. ಉದಾಹರಣೆಗೆ ಚಿಕಿತ್ಸಾ ಪಟ್ಟಿಯಲ್ಲಿ 800 ಜನ, ಪೊಲೀಸ್ ಪಟ್ಟಿಯಲ್ಲಿ 500, ಎರಡರಲ್ಲೂ ಇರುವವರು 200 ಅಂತಿಟ್ಟುಕೊಳ್ಳಿ. 800ನ್ನು 500ರಿಂದ ಗುಣಿಸಿ 200ರಿಂದ ಭಾಗಿಸಿದರೆ 2,000. ಇನ್ನು ಹೆಸರಿನ ಸ್ಪೆಲಿಂಗ್ ಹೊಂದದೆ 50 ಜನ ತಾಳೆಗೆ ಸಿಗಲಿಲ್ಲ ಅನ್ನಿ. ಒಂದು ಕಚೇರಿ ಅಕ್ಷರದ ಮೇಲಿನ ಚಿಹ್ನೆಗಳನ್ನು ಬಿಟ್ಟು ಬರೆದಿದೆ, ಇನ್ನೊಂದು ಹುಟ್ಟಿದ ದಿನ ಮತ್ತು ತಿಂಗಳನ್ನು ಅದಲು ಬದಲು ಮಾಡಿದೆ. ಈಗ ಭಾಗಿಸುವ ಸಂಖ್ಯೆ 150, ಉತ್ತರ ಸುಮಾರು 2,667. ಬೀದಿಯಲ್ಲಿ ಒಬ್ಬನೂ ಹೆಚ್ಚಾಗಿಲ್ಲ. ಕೀಲಿಮಣೆ ಮುಂದೆ ಕೂತವರು ಸೇರಿ 667 ಜನರನ್ನು ಹುಟ್ಟಿಸಿದ್ದಾರೆ. ಇದಕ್ಕೆ ತದ್ವಿರುದ್ಧವೂ ಆಗುತ್ತದೆ: ದಾಖಲೆ ಇಲ್ಲದೆ ಬಂದ ವಲಸಿಗರಿಗೆ ಜನವರಿ 1ನ್ನೇ ಹುಟ್ಟಿದ ದಿನವೆಂದು ಹಾಕಿರುತ್ತಾರೆ. ಇನಿಷಿಯಲ್ಲೂ ಒಂದೇ ಇದ್ದರೆ ಇಬ್ಬರು ಒಬ್ಬನಾಗಿ ಅಂದಾಜು ಕುಸಿಯುತ್ತದೆ. ತಾಳೆ ಶುರು ಮಾಡುವ ಮೊದಲು ಜನವರಿ 1ರವರನ್ನು ಬೇರೆ ತೆಗೆದಿಟ್ಟು ಕೈಯಲ್ಲೇ ನೋಡುವುದು ಬೇಸರದ ಕೆಲಸ ನಿಜ. ಬೇರೆ ದಾರಿ ಇಲ್ಲ.

ಕೊಳಚೆ ನೀರಲ್ಲಿ ಡ್ರಗ್ಸ್ ಅಂಶ ಅಳೆಯುವ ಲೆಕ್ಕ ಬಂದ ಮೇಲೆ ‘ಚರಂಡಿ ಸುಳ್ಳು ಹೇಳಲ್ಲ’ ಅನ್ನುವುದು ಮೀಟಿಂಗ್‌ಗಳಲ್ಲಿ ಎಲ್ಲರ ಬಾಯಲ್ಲೂ. ಚರಂಡಿ ಹೇಳದಿರಬಹುದು, ಲೇಬಲ್ ಹೇಳುತ್ತದೆ. ಇದನ್ನು ಅಳೆಯುವ ಸ್ಕೋರ್ ಎಂಬ ಜಾಲದ ನಗರಗಳು 2011ರಿಂದ ವರ್ಷಕ್ಕೆ ಒಂದು ವಾರ ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಣ ಘಟಕದ) ಒಳಹರಿವಿನಿಂದ 24 ಗಂಟೆಯ ಕಾಂಪೋಸಿಟ್ (ಸ್ವಲ್ಪ ಸ್ವಲ್ಪವಾಗಿ ಕೂಡಿಸಿದ) ಸ್ಯಾಂಪಲ್ ತೆಗೆಯುತ್ತವೆ. ಆಟೋಸ್ಯಾಂಪ್ಲರ್ ಶನಿವಾರ ಬೆಳಗ್ಗೆ 8ಕ್ಕೆ ಶುರುವಾಗಿ ಭಾನುವಾರ 8ಕ್ಕೆ ನಿಂತಿತು ಅನ್ನಿ. ಬಾಟಲಿಯ ಮೇಲೆ ಶುರುವಾದ ದಿನ ಬರೆದರೆ ಅದು ಶನಿವಾರದ ಸ್ಯಾಂಪಲ್, ಎತ್ತಿಕೊಂಡ ದಿನ ಬರೆದರೆ ಭಾನುವಾರದ್ದು. ಒಂದು ಪ್ಲಾಂಟ್ ಹಾಗೆ, ಇನ್ನೊಂದು ಹೀಗೆ ಬರೆದರೆ ‘ಈ ಊರಲ್ಲಿ ಪಾರ್ಟಿ ಒಂದು ದಿನ ತಡ’ ಎಂಬ ವಿಚಿತ್ರ ಸಂಶೋಧನೆ ತಯಾರು.

ಲೆಕ್ಕ ಹೀಗೆ. ಕೊಕೇನ್ ದೇಹದಲ್ಲಿ ಒಡೆದು ಹೊರಬರುವ ಬೆಂಜಾಯ್ಲ್‌ಎಕ್ಗೋನಿನ್ ಲೀಟರಿಗೆ 600 ನ್ಯಾನೊಗ್ರಾಂ, ದಿನದ ಹರಿವು 50,000 ಘನ ಮೀಟರ್ ಅಂತಿಟ್ಟುಕೊಂಡರೆ ದಿನಕ್ಕೆ 30 ಗ್ರಾಂ. ಜನಸಂಖ್ಯೆ ಎರಡೂವರೆ ಲಕ್ಷ ಅಂದರೆ ಸಾವಿರ ಜನಕ್ಕೆ 120 ಮಿಲಿಗ್ರಾಂ. ಅದೇ ಎರಡು ಲಕ್ಷ ಅಂದರೆ 150. ಈ ಜನಸಂಖ್ಯೆ ಬಂದದ್ದೆಲ್ಲಿಂದ: ಪ್ಲಾಂಟಿನ ವಿನ್ಯಾಸ ಸಾಮರ್ಥ್ಯವೋ, ಜನಗಣತಿಯೋ, ಬಿಒಡಿ (ನೀರಿನ ಸಾವಯವ ಕೊಳೆಯ ಅಳತೆ) ಅಥವಾ ಸಾರಜನಕದಿಂದ ತೆಗೆದ ಅಂದಾಜೋ? ಹೋದ ವರ್ಷ ಒಂದು, ಈ ವರ್ಷ ಇನ್ನೊಂದು ಹಾಕಿದ್ದರೆ ಶೇ. 25ರ ಏರಿಕೆ ಪುಕ್ಕಟೆ. ಮಳೆ ಬಂದರೆ ಸಾಂದ್ರತೆ ಇಳಿಯುತ್ತದೆ, ಹರಿವು ಏರುತ್ತದೆ, ಗುಣಲಬ್ಧ ಹಾಗೇ ಉಳಿಯಬೇಕು. ಉಳಿಯದಿದ್ದರೆ ಫ್ಲೋ ಮೀಟರ್ ಕೆಟ್ಟಿದೆ, ಇಲ್ಲವೇ ನೀರು ಪ್ಲಾಂಟಿಗೆ ಬರುವ ಮೊದಲೇ ಉಕ್ಕಿ ನದಿ ಸೇರಿದೆ.

ಇನ್ನು ಆ 30 ಗ್ರಾಂ ಮೆಟಬೊಲೈಟನ್ನು (ದೇಹ ಒಡೆದು ಹೊರಹಾಕಿದ ವಸ್ತುವನ್ನು) ‘ಊರು ಸೇದಿದ ಕೊಕೇನ್’ ಮಾಡುವ ಚಪಲ. ಅದಕ್ಕೊಂದು ಗುಣಾಂಕ ಬೇಕು. ಆರಂಭದ ಲೆಕ್ಕಗಳಲ್ಲಿ ಅದು 2.33 ಇತ್ತು, ಮುಂದೆ ವಿಸರ್ಜನೆಯ ಅಧ್ಯಯನಗಳನ್ನು ಒಟ್ಟು ಮಾಡಿ 3.59 ಅಂತ ತಿದ್ದಿದರು. ಅದೇ ಬಾಟಲಿ, ಅದೇ ನೀರು. ಒಂದರಲ್ಲಿ 70 ಗ್ರಾಂ, ಇನ್ನೊಂದರಲ್ಲಿ 108. ಹೋಲಿಕೆಗೆ ಮೆಟಬೊಲೈಟ್ ಲೋಡನ್ನೇ ಇಡುವುದು ಕ್ಷೇಮ. ಆಂಫೆಟಮಿನ್, ಎಂಡಿಎಂಎ ವಿಷಯದಲ್ಲಿ ಇನ್ನೊಂದು ಪೇಚು: ಅಲ್ಲಿ ಅಳೆಯುವುದು ಮೂಲ ವಸ್ತುವನ್ನೇ, ಹಾಗಾಗಿ ದೇಹ ಹಾದು ಬಂದದ್ದೂ ನೇರ ಚರಂಡಿಗೆ ಸುರಿದದ್ದೂ ಯಂತ್ರಕ್ಕೆ ಒಂದೇ. 2011ರಲ್ಲಿ ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ಎಂಡಿಎಂಎ ವಿಪರೀತ ಏರಿದ್ದು ಹೀಗೇ. ಹತ್ತಿರದ ಅಕ್ರಮ ತಯಾರಿಕಾ ಘಟಕದ ಮೇಲೆ ಪೊಲೀಸ್ ದಾಳಿಯಾದಾಗ ಬಹುಶಃ ಮಾಲು ಚರಂಡಿ ಸೇರಿತ್ತು. ಸುರಿದದ್ದೆಂದು ಗೊತ್ತಾದದ್ದು ಎಂಡಿಎಂಎ ಅಣುವಿನ ಎರಡು ಕನ್ನಡಿ ರೂಪಗಳ (ಎಸ್ ಮತ್ತು ಆರ್) ಅನುಪಾತದಿಂದ. ತಯಾರಾದ ಮಾಲಿನಲ್ಲಿ ಎಸ್ ಮತ್ತು ಆರ್ ಸಮಸಮ. ದೇಹ ಎಸ್ ರೂಪವನ್ನು ಬೇಗ ಒಡೆಯುತ್ತದೆ, ಹಾಗಾಗಿ ಮೂತ್ರದಲ್ಲಿ ಬಂದದ್ದಾದರೆ ಆರ್ ಹೆಚ್ಚಿರುತ್ತದೆ. ಏಳು ದಿನದಲ್ಲಿ ಒಂದು ದಿನ ಮಾತ್ರ ಕಂಬದಂತೆ ನಿಂತಿದ್ದರೆ ವಾರದ ಸರಾಸರಿ ತೆಗೆಯುವ ಮೊದಲು ಈ ಅನುಪಾತ ಕೇಳಿ.

ಸಾವಿನ ಶೀಟ್ ಎಲ್ಲಕ್ಕಿಂತ ತಡ, ಅದರ ಮೇಲೇ ಎಲ್ಲರ ಕಣ್ಣು. ಸಾಮಾನ್ಯ ಮರಣ ನೋಂದಣಿಯಿಂದ ತೆಗೆಯುವುದು ಸೆಲೆಕ್ಷನ್ ಬಿ ಎಂಬ ಆಯ್ಕೆ ನಿಯಮದಂತೆ: ಐಸಿಡಿ-10ರ (ರೋಗ, ಸಾವಿನ ಕಾರಣಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿಯ) ಎಫ್11, ಎಫ್12, ಎಫ್14ರಿಂದ 16, ಎಫ್19, ಜೊತೆಗೆ ಎಕ್ಸ್42, ಎಕ್ಸ್62, ವೈ12ರಂಥ ವಿಷಪ್ರಾಶನದ ಕೋಡ್‌ಗಳು, ಆದರೆ ಯಾವ ಡ್ರಗ್ ಅಂತ ಹೇಳುವ ಟಿ40 ಸಾಲಿನ ಕೋಡ್ ಜೊತೆಗಿದ್ದರೆ ಮಾತ್ರ. ಎಡವುವುದು ಈ ‘ಜೊತೆಗಿದ್ದರೆ’ ಎಂಬಲ್ಲಿ. ಟಾಕ್ಸಿಕಾಲಜಿ (ದೇಹದಲ್ಲಿನ ವಿಷದ ಪರೀಕ್ಷೆ) ವರದಿ ಬರುವ ಮೊದಲೇ ವರ್ಷದ ಕಡತ ಮುಚ್ಚಿದರೆ ಸಾವು ‘ಇತರ ಅಥವಾ ಗುರುತಿಸದ ಔಷಧದ ವಿಷಪ್ರಾಶನ’ ಎಂಬ ಎಕ್ಸ್44ಕ್ಕೋ, ‘ಕಾರಣ ತಿಳಿಯದು’ ಎಂಬ ಆರ್99ಕ್ಕೋ ಹೋಗಿ ಕೂರುತ್ತದೆ, ಸೆಲೆಕ್ಷನ್‌ನಿಂದ ಮಾಯ. ಹಾಗಾಗಿ ಸಾವು ಇಳಿದ ವರ್ಷ ಆರ್99 ಏರಿದೆಯೇ ಅಂತ ನೋಡದೆ ಖುಷಿಪಡಬೇಡಿ. 2024ರ ವರದಿಯ ಪ್ರಕಾರ 2023ರಲ್ಲಿ ಎಸ್ಟೋನಿಯಾದ ಡ್ರಗ್ ಸಾವುಗಳಲ್ಲಿ ಶೇ. 48, ಲಾಟ್ವಿಯಾದಲ್ಲಿ ಶೇ. 28 ನಿಟಾಜೀನ್‌ಗೆ (ಅಫೀಮಿನಂತೆ ಕೆಲಸ ಮಾಡುವ ಕೃತಕ ಡ್ರಗ್) ಸಂಬಂಧಿಸಿದವು. ಪಕ್ಕದ ದೇಶದ ಶೀಟಲ್ಲಿ ಸೊನ್ನೆ ಇದ್ದರೆ ಅಲ್ಲಿನ ಲ್ಯಾಬ್ ಪರೀಕ್ಷಿಸುವ ವಸ್ತುಗಳ ಪಟ್ಟಿಯಲ್ಲಿ ನಿಟಾಜೀನ್ ಇದೆಯೇ ಅನ್ನುವುದು ಮೊದಲ ಪ್ರಶ್ನೆ. ಕೋಡ್ ನೋಡಿ ತಿಳಿಯುವಂತಿಲ್ಲ; ಅದೇ ಬಗೆಯ ಇನ್ನೊಂದು ಕೃತಕ ಡ್ರಗ್ ಫೆಂಟನಿಲ್ ಕೂಡ ಅದೇ ಟಿ40.4ರಲ್ಲಿ ಬೀಳುತ್ತದೆ.

ಸರ್ವೆ ಬಗ್ಗೆ ಹೆಚ್ಚು ಹೇಳುವುದಿಲ್ಲ. 15–34 ವಯಸ್ಸಿನ 1,200 ಜನರಲ್ಲಿ ಶೇ. 2 ಕೊಕೇನ್ ಅಂದರೆ 24 ಜನ. ಸ್ಯಾಂಪಲ್ಲಿನ ತೂಗಾಟವೇ 1.2ರಿಂದ 2.8ರವರೆಗೆ. ಎರಡು ಇದ್ದದ್ದು 2.6 ಆಯಿತು ಅಂತ ಕೆಂಪು ಬಾಣ ಹಾಕುವ ಗ್ರಾಫಿಕ್ಸ್‌ನವರ ಕೈ ತಡೆಯುವವರಿಲ್ಲ. ಮನೆಗೆ ಹೋಗಿ ಕೇಳುತ್ತಿದ್ದದ್ದನ್ನು ವೆಬ್ ಫಾರಂಗೆ ಬದಲಿಸಿದ ವರ್ಷ ಗೆರೆಯನ್ನು ಮುರಿದೇ ಬಿಡಿ, ಜೋಡಿಸಬೇಡಿ.

ಜಪ್ತಿಯ ಅಂಕಿ ಹೇಳುವುದು ಕಸ್ಟಮ್ಸ್‌ನವರ ಶ್ರಮ ಮತ್ತು ಸಾಗಣೆದಾರರ ದಾರಿ ಎರಡನ್ನೂ ಸೇರಿಸಿ. ಆಂಟ್ವರ್ಪ್ ಬಂದರಿನಲ್ಲಿ 2023ರಲ್ಲಿ ಸುಮಾರು 116 ಟನ್ ಕೊಕೇನ್ ಸಿಕ್ಕಿತ್ತು, 2024ರಲ್ಲಿ ಸುಮಾರು 44. ಅಷ್ಟರಿಂದಲೇ ಬಳಕೆ ಇಳಿಯಿತು ಅನ್ನುವ ಹಾಗಿಲ್ಲ. ಕೊಳಚೆ ನೀರಿನ ಪಟ್ಟಿಯಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್, ಸ್ಪೇನ್ ನಗರಗಳು ಮೇಲೇ ಇವೆ. ಟನ್ ಜೊತೆಗೆ ಎಷ್ಟು ಪ್ರಕರಣ ಅನ್ನುವ ಕಾಲಂ ಇಡಿ, ಒಂದೇ ಕಂಟೇನರ್ ವರ್ಷದ ಮೊತ್ತವನ್ನೇ ತಿರುಗಿಸಬಲ್ಲದು.

ಕೊನೆಗೆ ಟೂಲ್ ಬಗ್ಗೆ ಒಂದು ಗೊಣಗಾಟ. ಜರ್ಮನ್, ಪೋರ್ಚುಗೀಸ್ ಫೈಲುಗಳಲ್ಲಿ 1.234 ಅಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು. ಇಂಗ್ಲಿಷ್ ಸೆಟ್ಟಿಂಗಿನ ಸ್ಪ್ರೆಡ್‌ಶೀಟ್ ಅದನ್ನು ಒಂದೂಕಾಲಿಗೂ ಕಮ್ಮಿ ಅಂತ ಓದಿ ಸುಮ್ಮನಾಗುತ್ತದೆ, ಎಚ್ಚರಿಕೆ ಕೂಡ ಕೊಡುವುದಿಲ್ಲ. ಖಾಲಿ ಕೋಶ ಅಂದರೆ ಎಣಿಸಿಲ್ಲ, ಸೊನ್ನೆ ಅಂದರೆ ಎಣಿಸಿದರೂ ಯಾರೂ ಸಿಗಲಿಲ್ಲ. ಚೆನ್ನಾಗಿ ಕಾಣಲಿ ಅಂತ ಖಾಲಿಗಳನ್ನೆಲ್ಲ ಸೊನ್ನೆಯಿಂದ ತುಂಬಿ ಫೈಲ್ ಕಳಿಸುವವರು ಪ್ರತಿ ರೌಂಡ್‌ನಲ್ಲೂ ಒಬ್ಬರಾದರೂ ಇರುತ್ತಾರೆ. ಅಂಥ ಫೈಲನ್ನು ತಿದ್ದಲು ಕೂರದೆ ಕಳಿಸಿದವರಿಗೇ ವಾಪಸ್ ಮಾಡಿ.