ಕಾಂಕ್: ಕದ್ದು ತಂದ ಸಂತಳಿಗೆ ಕಟ್ಟಿದ ಚರ್ಚು

ದಕ್ಷಿಣ ಫ್ರಾನ್ಸಿನ ರೊದೇಜ್ ಪಟ್ಟಣದಿಂದ ವಾಯವ್ಯಕ್ಕೆ ಹೊರಟ ರಸ್ತೆ ಮಾರ್ಸಿಯಾಕ್ ಸುತ್ತಿನಲ್ಲಿ ಕೆಂಪು ನೆಲದ ಮೇಲೆ ಸಾಗುತ್ತದೆ. ಅಲ್ಲಿ ಮಣ್ಣೂ ಕೆಂಪು, ಮರಳುಗಲ್ಲಿನ ಮನೆಗಳೂ ಕೆಂಪು. ದುರ್ದು ನದಿಯ ಕಣಿವೆ ಕಿರಿದಾಗುತ್ತ ಬಂದಂತೆ ಕೆಂಪು ಹಿಂದೆ ಸರಿದು ಬೂದು ಬಣ್ಣದ ಪದರಗಲ್ಲು ಕಾಣಿಸಿಕೊಳ್ಳುತ್ತದೆ. ಆ ಕಲ್ಲಿನ ಗೋಡೆ, ಅದರದೇ ಬಿಲ್ಲೆಗಳ ಮಾಡು ಹೊತ್ತ ಮನೆಗಳು ಇಳಿಜಾರಿನಲ್ಲಿ ಒತ್ತೊತ್ತಾಗಿ ನಿಂತಿರುವ ಹಳ್ಳಿಯೇ ಕಾಂಕ್. ಅದರ ನಡುವೆ, ಊರಿನ ಅಳತೆಗೆ ಯಾವ ರೀತಿಯಲ್ಲೂ ಹೊಂದದಷ್ಟು ದೊಡ್ಡದಾಗಿ, ಸಾಂತ್-ಫ್ವಾ ಮಠದ ಚರ್ಚು ಎದ್ದು ನಿಂತಿದೆ. ಫ್ರಾನ್ಸ್ ಸರ್ಕಾರದ ಸ್ಮಾರಕ ಪರಿವೀಕ್ಷಕನಾಗಿ 1837ರಲ್ಲಿ ಇಲ್ಲಿಗೆ ಬಂದ ಸಾಹಿತಿ ಪ್ರೊಸ್ಪೇರ್ ಮೆರಿಮೆ, ಇಂಥ ನಿರ್ಜನ ಪ್ರದೇಶದಲ್ಲಿ ಇಷ್ಟು ಸಂಪತ್ತನ್ನು ನಿರೀಕ್ಷಿಸಿರಲಿಲ್ಲವೆಂದು ವರದಿಯಲ್ಲಿ ಬರೆದುಕೊಂಡ. ಚರ್ಚು ಉಳಿದುಕೊಳ್ಳಲು ಆ ವರದಿಯೂ ಒಂದು ಕಾರಣ.

ಈ ಸಂಪತ್ತಿನ ಮೂಲದಲ್ಲಿ ಒಂದು ಕಳ್ಳತನವಿದೆ. ಫ್ವಾ ಎಂಬ ಬಾಲಕಿ ರೋಮನ್ ಆಳ್ವಿಕೆಯ ಕಾಲದಲ್ಲಿ ಅಜಾಂ ನಗರದಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟವಳು; ಅವಳ ಅಸ್ಥಿಗಳೂ ಅಲ್ಲಿಯೇ ಇದ್ದವು. ಪರಂಪರೆಯ ಪ್ರಕಾರ ಕಾಂಕ್‌ನ ಸನ್ಯಾಸಿಯೊಬ್ಬ ಅಜಾಂಗೆ ಹೋಗಿ, ವರ್ಷಗಟ್ಟಲೆ ಅಲ್ಲಿನವರಲ್ಲಿ ಒಬ್ಬನಾಗಿ ಬಾಳಿ, ವಿಶ್ವಾಸ ಗಳಿಸಿ, ಸಮಾಧಿಯ ಕಾವಲು ತನ್ನ ಕೈಗೆ ಬಂದ ಮೇಲೆ 866ರ ಸುಮಾರಿಗೆ ಅಸ್ಥಿಗಳನ್ನು ಹೊತ್ತು ತಂದ. ಮಠದವರು ಇದನ್ನು ಮುಚ್ಚಿಡಲಿಲ್ಲ. ಸಂತಳಿಗೇ ಇಲ್ಲಿಗೆ ಬರುವ ಮನಸ್ಸಿತ್ತು ಎಂದು ಹೆಮ್ಮೆಯಿಂದಲೇ ಬರೆದಿಟ್ಟರು. ಲ ಪುಯಿಯಿಂದ ಸ್ಪೇನಿನ ಸಾಂಟಿಯಾಗೊ ಡೆ ಕಾಂಪೊಸ್ಟೆಲಾಕ್ಕೆ ನಡೆದು ಹೋಗುವ ಯಾತ್ರಿಕರ ದಾರಿಯಲ್ಲಿ ಕಾಂಕ್ ತಂಗುದಾಣವಾಯಿತು, ಜನ ಬಂದರು, ಕಾಣಿಕೆ ಬಂತು, ಹಳೆಯ ಚರ್ಚು ಸಾಲದಾಯಿತು. 11ನೆಯ ಶತಮಾನದ ನಡುವೆ ಮಠಾಧಿಪತಿ ಒಡೋಲ್ರಿಕ್‌ನ ಕಾಲದಲ್ಲಿ ಈಗಿನ ಕಟ್ಟಡದ ಕೆಲಸ ಆರಂಭವಾಗಿ 12ನೆಯ ಶತಮಾನದವರೆಗೂ ನಡೆಯಿತು.

ಒಳಗೆ ಕಾಲಿಟ್ಟರೆ, ಈ ಕಟ್ಟಡವನ್ನು ಜನಸಂದಣಿಗಾಗಿಯೇ ಯೋಜಿಸಲಾಗಿದೆ ಎಂಬುದು ಕೂಡಲೇ ತಿಳಿಯುತ್ತದೆ. ಪಕ್ಕದ ಅಂಕಣಗಳಿಂದ ಹೊರಟು, ಅಡ್ಡತೋಳುಗಳನ್ನು ಹಾದು, ಪೂಜಾವೇದಿಕೆಯ ಹಿಂದಿನಿಂದ ಸುತ್ತಿಬರುವ ಪ್ರದಕ್ಷಿಣಾಪಥವಿದೆ. ನಡುವೆ ಪ್ರಾರ್ಥನೆ ನಡೆಯುತ್ತಿದ್ದರೂ ಯಾತ್ರಿಕರ ಸಾಲು ಅದಕ್ಕೆ ಅಡ್ಡಿಯಾಗದೆ ಅಸ್ಥಿಪೆಟ್ಟಿಗೆಯ ಸಮೀಪ ಹಾದುಹೋಗಬಹುದಾಗಿತ್ತು. ಇಳಿಜಾರಿನಲ್ಲಿ ಜಾಗವಿಲ್ಲದ್ದರಿಂದ ಚರ್ಚಿನ ಉದ್ದ ಸುಮಾರು 56 ಮೀಟರಿಗೇ ನಿಂತಿದೆ. ಆ ಕೊರತೆಯನ್ನು ವಾಸ್ತುಕಾರರು ಎತ್ತರದಲ್ಲಿ ತುಂಬಿಕೊಂಡರು: ನಡುವಿನ ಅಂಕಣದ ಕಮಾನುಛಾವಣಿ ಸುಮಾರು 22 ಮೀಟರ್ ಮೇಲಿದೆ. ಅಷ್ಟು ಎತ್ತರದ ಕಲ್ಲಿನ ಛಾವಣಿ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಆ ಒತ್ತಡವನ್ನು ಎದುರಿಸಲು ಪಕ್ಕದ ಅಂಕಣಗಳ ಮೇಲೆ ಉಪ್ಪರಿಗೆ ಕಟ್ಟಿ, ಅದರ ಛಾವಣಿಯನ್ನು ಅರ್ಧ ಕಮಾನಿನಂತೆ ಬಾಗಿಸಿ, ನಡುಗೋಡೆಗೆ ಒರಗುಗಂಬದ ಹಾಗೆ ಆನಿಸಿದ್ದಾರೆ. ಇದರಿಂದಾಗಿ ನಡುಗೋಡೆಯ ಮೇಲ್ಭಾಗದಲ್ಲಿ ಕಿಟಕಿಗಳಿಗೆ ಅವಕಾಶವೇ ಉಳಿದಿಲ್ಲ; ಬೆಳಕು ಉಪ್ಪರಿಗೆಯ ಜೋಡಿ ಕಮಾನುಗಳನ್ನು ದಾಟಿ, ಸೋಸಿದಂತೆ ಒಳಗೆ ಬೀಳುತ್ತದೆ. ರೋಮನೆಸ್ಕ್ ಕಟ್ಟಡಗಳು, ಅಂದರೆ ಆ ಕಾಲದ ದಪ್ಪ ಗೋಡೆ, ದುಂಡು ಕಮಾನಿನ ಶೈಲಿಯವು, ಕತ್ತಲೆಯವು, ಭಾರದವು ಎಂದು ದೂರುವವರು ಇಲ್ಲಿ ಒಮ್ಮೆ ತಲೆಯೆತ್ತಿ ನೋಡಬೇಕು.

ಕಂಬಗಳ ಬೋದಿಗೆಗಳು ಒಟ್ಟು ಸುಮಾರು 250 ಇವೆಯೆಂದು ಲೆಕ್ಕ. ಹಳೆಯವುಗಳಲ್ಲಿ ತಾಳೆಗರಿಯ ವಿನ್ಯಾಸ, ಹೆಣೆದ ಹಗ್ಗದಂಥ ಗಂಟುಗಳು ಹೆಚ್ಚು. ಮನುಷ್ಯರೂ ದೇವದೂತರೂ ಆಮೇಲೆ ಬರುತ್ತಾರೆ. ಬಹುಪಾಲು ಬೋದಿಗೆಗಳು ಕುತ್ತಿಗೆ ನೋಯುವಷ್ಟು ಎತ್ತರದಲ್ಲಿರುವುದರಿಂದ ಕೆಳಗಿನಿಂದ ಕಾಣುವುದು ಕಡಿಮೆ. ಫ್ವಾಳನ್ನು ನ್ಯಾಯಾಧಿಕಾರಿಯ ಎದುರು ಎಳೆತಂದು ನಿಲ್ಲಿಸಿದ ದೃಶ್ಯದ ಬೋದಿಗೆಯನ್ನಾದರೂ ಹುಡುಕಿ ನೋಡಬೇಕು.

ಜನರು ಕಾಂಕ್‌ಗೆ ಬರುವುದು ಮುಖ್ಯವಾಗಿ ಪಶ್ಚಿಮ ಬಾಗಿಲಿನ ಮೇಲಿರುವ ಅರ್ಧವೃತ್ತಾಕಾರದ ಶಿಲ್ಪಫಲಕಕ್ಕಾಗಿ, ಅಂದರೆ ಟಿಂಪನಂಗಾಗಿ. ಅಗಲ ಸುಮಾರು 6.7 ಮೀಟರ್, ಎತ್ತರ 3.6 ಮೀಟರ್, ಆಕೃತಿಗಳು 124. ಕಾಲ 12ನೆಯ ಶತಮಾನದ ಆರಂಭ. ವಸ್ತು ಅಂತಿಮ ತೀರ್ಪು. ನಡುವೆ ಕುಳಿತ ಕ್ರಿಸ್ತನ ಬಲಗೈ ಮೇಲಕ್ಕೆ, ಎಡಗೈ ಕೆಳಕ್ಕೆ. ಅವನ ಬಲಕ್ಕೆ ಸ್ವರ್ಗ, ಎಡಕ್ಕೆ ನರಕ. ಬಾಗಿಲು ಪಶ್ಚಿಮಕ್ಕಿರುವುದರಿಂದ ಮಧ್ಯಾಹ್ನ ಕಳೆದ ಮೇಲೆ ನೋಡುವುದು ಒಳ್ಳೆಯದು. ಓರೆ ಬಿಸಿಲು ಬಿದ್ದಾಗ ಆಕೃತಿಗಳ ಆಳ ಗೊತ್ತಾಗುತ್ತದೆ, ಹಳೆಯ ನೀಲಿ ಕೆಂಪು ಬಣ್ಣಗಳ ಉಳಿಕೆಯೂ ಕಣ್ಣಿಗೆ ಸಿಗುತ್ತದೆ.

ಸ್ವರ್ಗದ ಕಡೆ ಎಲ್ಲವೂ ಅಚ್ಚುಕಟ್ಟು. ಕಮಾನುಗಳ ಕೆಳಗೆ ಒಬ್ಬೊಬ್ಬರಾಗಿ ಕುಳಿತ ಪುಣ್ಯವಂತರು, ನಡುವೆ ಅಬ್ರಹಾಮ. ಅದರ ಮೇಲಿನ ಮೆರವಣಿಗೆಯಲ್ಲಿ ಮರಿಯ, ಪೇತ್ರ, ಅವರ ಹಿಂದೆ ಒಬ್ಬ ಮಠಾಧಿಪತಿ ಚಕ್ರವರ್ತಿ ಶಾರ್ಲಮೇನನ ಕೈ ಹಿಡಿದು ಕರೆದೊಯ್ಯುತ್ತಿದ್ದಾನೆ. ಚಕ್ರವರ್ತಿಯ ಮೊಣಕಾಲು ತುಸು ಬಾಗಿದೆ, ನಡೆಯಲ್ಲಿ ಅಳುಕಿದೆ. ಮಠಕ್ಕೆ ಕೊಟ್ಟ ಕಾಣಿಕೆಗಳನ್ನು ಹೊತ್ತವರು ಬೆನ್ನಿಗೇ ಬರುತ್ತಿದ್ದಾರೆ. ದಾನಿಗಳಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆಯನ್ನು ಯಾವ ಮಠವೂ ಕೊಟ್ಟಿರಲಾರದು. ಪಕ್ಕದ ಮೂಲೆಯಲ್ಲಿ ಫ್ವಾ ನೆಲಕ್ಕೆ ಬಾಗಿ ಬೇಡುತ್ತಿದ್ದಾಳೆ, ಮೋಡದಿಂದ ದೇವರ ಕೈಯೊಂದು ಅವಳತ್ತ ಚಾಚಿದೆ. ಹಿಂದಿನ ಕಮಾನುಗಳಿಂದ ಸಂಕೋಲೆಗಳು ತೂಗುತ್ತಿವೆ. ಅವಳು ಸೆರೆಯಾಳುಗಳನ್ನು ಬಿಡಿಸುವ ಸಂತಳು. ಬಿಡುಗಡೆಯಾದವರು ತಂದೊಪ್ಪಿಸಿದ ಬೇಡಿಗಳನ್ನು ಕರಗಿಸಿಯೇ ಒಳಗಿನ ಪೂಜಾವೇದಿಕೆಯ ಸುತ್ತಲಿನ ಕಬ್ಬಿಣದ ಜಾಲರಿ ಮಾಡಲಾಯಿತೆಂದು ಹೇಳುತ್ತಾರೆ.

ಶಿಲ್ಪಿಯ ಉಳಿಗೆ ಹುರುಪು ಬಂದಿರುವುದು ಮಾತ್ರ ನರಕದಲ್ಲಿಯೇ. ಹೆಮ್ಮೆಯ ಸರದಾರ ಕುದುರೆಯಿಂದ ತಲೆಕೆಳಗಾಗಿ ಬೀಳುತ್ತಿದ್ದಾನೆ. ಜಿಪುಣ ಕೊರಳಲ್ಲಿ ಹಣದ ಚೀಲ ಸಮೇತ ನೇಣಿಗೆ ಬಿದ್ದಿದ್ದಾನೆ. ಚಾಡಿಕೋರನ ನಾಲಗೆಯನ್ನು ಒಂದು ದೆವ್ವ ಕಿತ್ತೆಳೆಯುತ್ತಿದೆ, ಬೇಟೆಗಾರನನ್ನು ಮೊಲದ ತಲೆಯ ದೆವ್ವ ಬೆಂಕಿಯ ಮೇಲೆ ಸುಡುತ್ತಿದೆ. ಕೆಟ್ಟ ಧರ್ಮಗುರುಗಳು ಕೋಲಿನ ಸಮೇತ ಬಲೆಯಲ್ಲಿ ಸಿಕ್ಕಿಬಿದ್ದಿದ್ದಾರೆ. ಮಠದ ಹೆಬ್ಬಾಗಿಲಿನ ಮೇಲೆಯೇ ಇದನ್ನು ಕೆತ್ತಿಸಲು ಒಪ್ಪಿದವರನ್ನು ಮೆಚ್ಚಬೇಕು. ಕ್ರಿಸ್ತನ ಪಾದಗಳ ಕೆಳಗೆ ದೇವದೂತ ಮಿಕಾಯೇಲನೂ ಒಂದು ದೆವ್ವವೂ ಆತ್ಮಗಳನ್ನು ತೂಗುವ ತಕ್ಕಡಿಯ ಎರಡು ಬದಿ ನಿಂತು ಒಬ್ಬರನ್ನೊಬ್ಬರು ದಿಟ್ಟಿಸುತ್ತಿದ್ದಾರೆ. ದೆವ್ವದ ಬೆರಳು ಮೆಲ್ಲನೆ ತಟ್ಟೆಯನ್ನು ಒತ್ತುತ್ತಿದೆ, ತೂಕದಲ್ಲಿ ಮೋಸಮಾಡುವ ಸಂತೆಯ ವ್ಯಾಪಾರಿಯಂತೆ. ಫಲಕದ ಕೆಳ ಅಂಚಿನ ಪಟ್ಟಿಯಲ್ಲಿ ಲ್ಯಾಟಿನ್ ಬರಹವಿದೆ: ಪಾಪಿಗಳೇ, ನಡತೆ ತಿದ್ದಿಕೊಳ್ಳದಿದ್ದರೆ ಕಠಿಣ ತೀರ್ಪು ಕಾದಿದೆಯೆಂದು ತಿಳಿಯಿರಿ. ಅಸ್ಥಿ ಕದ್ದ ಸನ್ಯಾಸಿಯನ್ನು ನಾನು ಎರಡೂ ಕಡೆ ಹುಡುಕಿದೆ, ಸಿಗಲಿಲ್ಲ. ಇದೆಲ್ಲದರ ಸುತ್ತಲಿನ ಕಮಾನಿನ ಅಂಚಿನಲ್ಲಿ, ಕಲ್ಲಿನ ಸುರುಳಿಪಟ್ಟಿಯ ಹಿಂದಿನಿಂದ, ಬೆರಳು ಮತ್ತು ಅರ್ಧ ಮುಖ ಮಾತ್ರ ತೋರುವ ಪುಟ್ಟ ಆಕೃತಿಗಳು ಇಣುಕುತ್ತವೆ. ಕುತೂಹಲಿಗಳೆಂದೇ ಅವಕ್ಕೆ ಹೆಸರು.

ಪಕ್ಕದ ಭಂಡಾರದಲ್ಲಿ ಸಂತಳ ಚಿನ್ನದ ಪ್ರತಿಮೆ ಇದೆ: ಮರದ ದೇಹಕ್ಕೆ ಚಿನ್ನದ ತಗಡು, ಮೈತುಂಬ ಹರಳು, ಎತ್ತರ 85 ಸೆಂಟಿಮೀಟರ್. ಅದರ ತಲೆ ಇನ್ನೂ ಹಳೆಯದು, ರೋಮನ್ ಯುಗದ ಕೊನೆಗಾಲದ್ದು. 11ನೆಯ ಶತಮಾನದ ಆರಂಭದಲ್ಲಿ ಉತ್ತರದಿಂದ ಬಂದ ಬರ್ನಾರ್ಡ್ ಎಂಬ ಪಂಡಿತ ಇದನ್ನು ಕಂಡು, ಇದು ವಿಗ್ರಹಾರಾಧನೆಯಲ್ಲವೇ ಎಂದು ಮೊದಲು ಹೀಯಾಳಿಸಿದ; ಮನಸ್ಸು ಬದಲಾದ ಮೇಲೆ ಅವಳ ಪವಾಡಗಳನ್ನು ಸಂಗ್ರಹಿಸಿ ಪುಸ್ತಕವನ್ನೇ ಬರೆದ.

ಕಿಟಕಿಗಳ ವಿಷಯದಲ್ಲಿ ನನಗೆ ಅನುಮಾನವಿತ್ತು. ರೊದೇಜ್‌ನಲ್ಲೇ ಹುಟ್ಟಿದ ಚಿತ್ರಕಾರ ಪಿಯೇರ್ ಸುಲಾಜ್ 1987ರಿಂದ 1994ರವರೆಗೆ ದುಡಿದು ಇಲ್ಲಿನ 104 ತೆರಪುಗಳಿಗೆ ಹೊಸ ಗಾಜು ಕೂಡಿಸಿದರು. ಆಗ ಊರಿನಲ್ಲಿ ವಿರೋಧವೂ ಎದ್ದಿತ್ತು. ಗಾಜಿಗೆ ಬಣ್ಣವಿಲ್ಲ, ಚಿತ್ರವಿಲ್ಲ. ಬೆಳಕು ಹಾಯುತ್ತದೆ, ಆಚೆಯ ನೋಟ ಕಾಣುವುದಿಲ್ಲ, ಮೇಲೆ ಬಾಗಿದ ಕಪ್ಪು ಗೆರೆಗಳಷ್ಟೇ. ಹೊರಗಿನಿಂದ ಅವು ಮಂಕಾಗಿ, ತುಸು ಕಟುವಾಗಿಯೇ ಕಂಡವು. ಒಳಗೆ ನಿಂತಾಗ ಅನುಮಾನ ಕರಗಿತು. ಬಣ್ಣದ ಗಾಜಾಗಿದ್ದರೆ ಗೋಡೆಯ ಮೇಲೆ ಕೆಂಪು ನೀಲಿ ಚೆಲ್ಲಿ ಕಲ್ಲಿನ ಬಣ್ಣವನ್ನು ನುಂಗಿಹಾಕುತ್ತಿತ್ತು. ಈಗ ಹಳದಿ ಸುಣ್ಣಗಲ್ಲು, ಕೆಂಪು ಮರಳುಗಲ್ಲು, ಬೂದು ಪದರಗಲ್ಲು ಎಲ್ಲೆಲ್ಲಿ ಬಳಕೆಯಾಗಿವೆ ಎಂಬುದನ್ನು ಕಂಬದಿಂದ ಕಂಬಕ್ಕೆ ಗುರುತಿಸುತ್ತ ಹೋಗಬಹುದು.